ಹೇಮಾವತಿ ಥೀಮ್ ಪೆವಿಲಿಯನ್: ಅಲೆ ಆಕಾರದ ಮಾಡು (ಚಾವಣಿ) ಬಿಟ್ಟು ಬೇರೆ ಏನ್ ಮಾಡಬಹುದು ಹೇಳಿ (ಹಾಸನ)

ಏಳನೇ_ಸೆಮ್

ಎಲ್ರಿಗೂ ನಮಸ್ಕಾರ. ನಾವು ಹಾಸನದಲ್ಲಿ ಬಿ.ಆರ್ಕ್ 4ನೇ ವರ್ಷ ಓದ್ತಿರೋ ಏಳು ಜನ. ಡಿಸೆಂಬರ್ ಕೊನೇಲಿ ಕಾಲೇಜ್ ಗ್ರೌಂಡಲ್ಲಿ ಎಕ್ಸಿಬಿಷನ್ ಇದೆ, ಅದಕ್ಕೆ ಒಂದು ಪೆವಿಲಿಯನ್ (ಪ್ರದರ್ಶನ ಮಂಟಪ) ನಾವೇ ಡಿಸೈನ್ ಮಾಡಿ ನಾವೇ ಕೈಯಾರೆ ಕಟ್ಟಬೇಕು, ಥೀಮ್ ಹೇಮಾವತಿ ನದಿ. ಜಾಗ 6 ಮೀಟರ್ ಅಗಲ 9 ಮೀಟರ್ ಉದ್ದ. ದುಡ್ಡು 60,000. ಹತ್ತು ದಿನ ನಿಂತಿರ್ಬೇಕು, ಆಮೇಲೆ ಬಿಚ್ಚಬೇಕು, ನೆಲ ಅಗೆಯೋ ಹಾಗಿಲ್ಲ ಯಾಕಂದ್ರೆ ಪಕ್ಕದಲ್ಲೇ ಕ್ರಿಕೆಟ್ ಪಿಚ್ ಇದೆ, ಪಿಟಿ ಸರ್ ಈಗ್ಲೇ ಬಂದು ಎರಡ್ ಸಲ ನೋಡ್ಕೊಂಡ್ ಹೋಗಿದಾರೆ.

ನಾವು ಮೊದ್ಲು ಮಾಡಿದ್ದು ಅಲೆ ಅಲೆಯಾಗಿ ಹೋಗೋ ನೀಲಿ ಬಟ್ಟೆ ಮಾಡು. ಗ್ರಾಸ್‌ಹಾಪರ್‌ನಲ್ಲಿ (ಡಿಸೈನ್ ಸಾಫ್ಟ್‌ವೇರ್) ಎರಡು ವಾರ ಕೂತು ಮಾಡಿದ್ವಿ, ರೆಂಡರ್ ನೋಡಿ ನಾವೇ ಖುಷಿಯಾಗಿ ಸ್ಟೇಟಸ್ ಎಲ್ಲಾ ಹಾಕ್ಕೊಂಡ್ವಿ. ಜ್ಯೂರಿಗೆ, ಅಂದ್ರೆ ಡಿಸೈನ್ ನೋಡಿ ಮಾರ್ಕ್ಸ್ ಹಾಕೋಕೆ, ಬಂದಿದ್ದ ಮೇಡಂ ಒಂದ್ ನಿಮಿಷ ನೋಡಿ, ಇದರ ಮೇಲೆ ಶರಾವತಿ ಅಂತ ಬರೆದ್ರೂ ನಡಿಯುತ್ತೆ ಕಾವೇರಿ ಅಂತ ಬರೆದ್ರೂ ನಡಿಯುತ್ತೆ ವಾಟರ್ ಟ್ಯಾಂಕ್ ಕಂಪನಿ ಸ್ಟಾಲ್ ಅಂದ್ರೂ ನಡಿಯುತ್ತೆ, ಹೇಮಾವತಿ ಎಲ್ಲಿದಾಳೆ ಇದರಲ್ಲಿ ಅಂದ್ರು. ಉತ್ತರ ಇರ್ಲಿಲ್ಲ. ಮುಂದಿನ ಜ್ಯೂರಿಗೆ 12 ದಿನ ಇದೆ. ನದಿ ಪಕ್ಕದವರು, ಕಟ್ಟೋ ಕೆಲಸ ಗೊತ್ತಿರೋರು ಯಾರಾದ್ರೂ ಹೇಳಿ ಪ್ಲೀಸ್.

ಮೂಡಿಗೆರೆ_ಮೋಡ

ನಿಮ್ ಮೇಡಂ ಸರಿಯಾಗೇ ಹೇಳಿದಾರೆ. ಒಂದ್ ವಿಷಯ ಕೇಳ್ತೀನಿ ಬೇಜಾರ್ ಮಾಡ್ಕೋಬೇಡಿ, ನಿಮ್ ಏಳು ಜನದಲ್ಲಿ ಹೇಮಾವತೀಲಿ ಅಲೆ ನೋಡಿದೋರು ಯಾರು? ಹುಟ್ಟೋದು ನಮ್ ತಾಲ್ಲೂಕಲ್ಲಿ, ಬಲ್ಲಾಳರಾಯನದುರ್ಗದ ಬುಡ, ಜಾವಳಿ ಹತ್ರ. ಅಲ್ಲಿ ಅದನ್ನ ಯಾರೂ ನದಿ ಅನ್ನಲ್ಲ, ಹಳ್ಳ. ಬೇಸಿಗೇಲಿ ಪಂಚೆ ಎತ್ತಿ ಕಟ್ಟದೇನೇ ದಾಟಬಹುದು. ಮಳೆಗಾಲದಲ್ಲಿ ಕೆಂಪು ಕಾಫಿ ಬಣ್ಣ, ಆಮೇಲೆ ಕಪ್ಪು, ಮೇಲೆ ಮರ ಮುಚ್ಚಿರುತ್ತೆ ಅಲ್ವಾ ಅದಕ್ಕೆ. ನೀಲಿ ನಾನಂತೂ ನೋಡಿಲ್ಲ. ತೋಟದ ಕತ್ತಲೆಯಿಂದ ಈಚೆಗೆ ಬಂದು ಅಗಲ ಆಗೋದು ಸಕಲೇಶಪುರದ ಕಡೆ ಇಳಿದ ಮೇಲೆ. ಆ ಕತ್ತಲೆ, ತಗ್ಗಿ ನುಗ್ಗೋದು, ಆಮೇಲೆ ಒಮ್ಮೆಲೇ ಬಯಲು, ಅಷ್ಟ್ ಮಾಡಿದ್ರೂ ಸಾಕು ನಿಮ್ ಪೆವಿಲಿಯನ್ ನಮ್ ಹೊಳೆ ಆಗುತ್ತೆ.

ಶಾಮಿಯಾನ_ಅಣ್ಣ

ಲೇ ಮಕ್ಳಾ, ನದಿ ಗಿದಿ ಆಮೇಲೆ ನೋಡನ. ಬಟ್ಟೆ ಮಾಡು ಅಲೆ ತರ ಮಾಡುದ್ರೆ ತಗ್ಗೈತಲ್ಲ ಅಲ್ಲಿ ನೀರು ನಿಲ್ತದೆ. ನಾನು 26 ವರ್ಷದಿಂದ ಚಪ್ಪರ ಹಾಕ್ತಿವ್ನಿ. ಒಂದ್ ಮದುವೇಲಿ ಡೆಕೊರೇಷನ್ ಹುಡುಗ ಬಂದು ಅಣ್ಣ ಮಾಡು ಅಲೆ ಅಲೆ ಬರ್ಲಿ ಅಂತ ಹಠ ಹಿಡ್ದ, ಸರಿ ಅಂತ ನಾನೂ ಕಟ್ಟಿಸ್ದೆ, ರಾತ್ರಿ ಮಳೆ ಹೊಡೀತು, ನೀರು ತುಂಬ್ಕಂಡು ಬಟ್ಟೆ ಎಮ್ಮೆ ಹೊಟ್ಟೆ ತರ ಇಳಿಬಿತ್ತು, ಕೋಲಲ್ಲಿ ಎತ್ತಿ ಚೆಲ್ಲಕ್ ಹೋದೋನ ಮೇಲೇ ಕಂಬ ಸಮೇತ ಬಂತು. ಪುಣ್ಯಕ್ಕೆ ಊಟದ್ ಟೈಮಲ್ಲ. ಡಿಸೆಂಬರ್ ಮಳೆ ಇಲ್ಲ ಅಂತೀರ? ಕಾಫಿ ಕಣದಲ್ಲಿ ಹರವಿರೋರ್ನ ಕೇಳಿ, ಬಂಗಾಳಕೊಲ್ಲಿಲಿ ವಾಯುಭಾರ ಕುಸಿತ ಅಂತ ಟೀವಿಲಿ ಬಂದ್ರೆ ಅವ್ರಿಗೆ ನಿದ್ದೆ ಬರಲ್ಲ.

ಲೋಡ್_ಕೇಸ್

ಅಣ್ಣ ಹೇಳಿದ್ದಕ್ಕೆ ಲೆಕ್ಕ ಹಾಕಿ ತೋರಿಸ್ತೀನಿ. 1 ಮಿ.ಮೀ. ಮಳೆ ಅಂದ್ರೆ 1 ಚದರ ಮೀಟರಿಗೆ 1 ಲೀಟರ್. ನಿಮ್ಮದು 54 ಚದರ ಮೀಟರ್, 50 ಮಿ.ಮೀ. ಬಿದ್ರೆ 2,700 ಲೀಟರ್, ಅಂದ್ರೆ ಎರಡು ಮುಕ್ಕಾಲು ಟನ್ ಹತ್ರ. ಅದರಲ್ಲಿ ಕಾಲು ಭಾಗ ತಗ್ಗಲ್ಲಿ ನಿಂತ್ರೂ ಸಾಕು ಕಥೆ ಮುಗೀತು.

ಅದಕ್ಕಿಂತ ಗಾಳಿ ಕಷ್ಟ. ಕಟ್ಟಡದ ಮೇಲೆ ಬೀಳೋ ಭಾರಕ್ಕೆ ಇರೋ ಭಾರತೀಯ ಮಾನಕ ಐಎಸ್ 875, ಅದರ ಮೂರನೇ ಭಾಗದಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಅಂತ ಗಾಳಿ ವೇಗ ಇದೆ. ನೀವು 33 ಅಂತಾನೇ ಹಿಡೀರಿ. ಒತ್ತಡ ಅಂದ್ರೆ 0.6 ಗುಣಿಸು ವೇಗದ ವರ್ಗ, ಸುಮಾರು 653 ನ್ಯೂಟನ್, ಅಂದ್ರೆ ಪ್ರತಿ ಚದರ ಮೀಟರಿಗೆ 65 ಕೆ.ಜಿ. ಆಸುಪಾಸು. ಇಡೀ ಮಾಡನ್ನ ಒಟ್ಟಿಗೆ ಎತ್ತಿದ್ರೆ ಮೂರೂವರೆ ಟನ್. ತಾತ್ಕಾಲಿಕ ಅಂತ ಸ್ವಲ್ಪ ಕಮ್ಮಿ ಹಿಡೀಬಹುದು, ಆದ್ರೂ ನೆಲ ಅಗೆಯದೆ ಅದನ್ನ ತಡೀಬೇಕು ಅಂದ್ರೆ 50 ಕೆ.ಜಿ. ಚೀಲ 70 ಇಡಬೇಕು. ಎಕ್ಸಿಬಿಷನ್ ನೋಡೋಕೆ ಬಂದೋರಿಗೆ ಚೀಲ ಬಿಟ್ರೆ ಬೇರೇನೂ ಕಾಣಲ್ಲ. ಮಾಡು ಬೇಕೇ ಬೇಕಾ ಅಂತ ಮೊದ್ಲು ಯೋಚಿಸಿ.

ಕೃಷ್ಣಶಿಲೆ

ಹಾಸನದೋರಾಗಿ ಹೊಯ್ಸಳ ಬಿಟ್ಟು ಯಾಕ್ರಪ್ಪಾ ಒದ್ದಾಡ್ತೀರ. ಬೇಲೂರು ಹಳೇಬೀಡು ಸೋಮನಾಥಪುರ ಮೂರೂ 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ. ನಕ್ಷತ್ರಾಕಾರದ ಪ್ಲಾನ್ ಹಾಕಿ, ಮೇಲೆ ಶಿಲಾಬಾಲಿಕೆ ಕಟೌಟ್ ನಿಲ್ಸಿ, ಜನ ಸೆಲ್ಫಿ ತಗೋತಾರೆ ಮುಗೀತು.

ಹಳೇ_ಟಿ_ಸ್ಕ್ವೇರ್

ಇಗೋ ಬಂತು. ಹಾಸನದಲ್ಲಿ ಬಸ್ ಸ್ಟಾಪ್ ಮಾಡಿದ್ರೂ ಸ್ಟಾರ್, ಎಟಿಎಂ ಮಾಡಿದ್ರೂ ಸ್ಟಾರ್. ಸ್ವಾಮಿ, ಥೀಮ್ ನದಿ.

ಆದ್ರೆ ಹೊಯ್ಸಳರಿಂದ ತಗೋಬೇಕು ಅಂದ್ರೆ ಜಗತಿ, ಗುಡಿ ಕೆಳಗಿನ ಎತ್ತರದ ಕಟ್ಟೆ, ಅದನ್ನ ತಗೊಳ್ಳಿ. 1117ರಲ್ಲಿ ಬೇಲೂರಲ್ಲಿ ಅವ್ರು ಮಾಡಿದ್ದು ನೋಡಿ, ಗುಡಿಯ ಗೋಡೆ ಎಲ್ಲೆಲ್ಲಿ ಮಡಚುತ್ತೋ ಕೆಳಗಿನ ಜಗತೀನೂ ಅಲ್ಲಲ್ಲೇ ಮಡಚುತ್ತೆ, ಹಾಗಾಗಿ ನೀವು ಸುತ್ತು ಹಾಕ್ಬೇಕಾದ್ರೆ ಕಾಲೇ ನಿಮಗೆ ಗೋಡೆ ಹೇಗಿದೆ ಅಂತ ಹೇಳುತ್ತೆ. ಶಿಲ್ಪ ನೋಡದೇ ಇರೋನಿಗೂ ಗೊತ್ತಾಗುತ್ತೆ. ನಿಮ್ ಪೆವಿಲಿಯನ್ ಕೂಡ ನಡಿಯೋನ ಮೈಗೆ ಗೊತ್ತಾಗ್ಬೇಕು, ಬೋರ್ಡ್ ಓದಿದ ಮೇಲಲ್ಲ.

ನಾನು ಚಿಕ್ಕಮಗಳೂರಲ್ಲಿ ಪ್ರಾಕ್ಟೀಸ್ ಮಾಡ್ತೀನಿ, ವರ್ಷಕ್ಕೊಂದ್ಸಲ ಜ್ಯೂರಿಗೆ ಕರೀತಾರೆ. ನೀರು ಅಂದ್ರೆ ಹುಡುಗ್ರು ಗೂಗಲ್‌ನಲ್ಲಿ ಸಿಗೋ ಆರ್ಕಿಟೆಕ್ಟ್ ಜಹಾ ಹದೀದ್ ಕಟ್ಟಡಗಳ ಫೋಟೋನೇ ತರ್ತಾರೆ. ಆದ್ರೆ 2008ರಲ್ಲಿ ಸ್ಪೇನ್‌ನ ಜರಗೋಜಾ ಎಕ್ಸ್‌ಪೋಗೆ ಆಕೆ ಮಾಡಿದ್ದು ಎಬ್ರೋ ನದಿ ಮೇಲೇ ಸೇತುವೆ, ಅದೇ ಪೆವಿಲಿಯನ್ನು. ಜನ ಒಳಗೆ ಪ್ರದರ್ಶನ ನೋಡ್ತಾ ನೋಡ್ತಾ ನದಿ ದಾಟ್ತಿದ್ರು. 2002ರ ಸ್ವಿಸ್ ಎಕ್ಸ್‌ಪೋದಲ್ಲಿ ಡಿಲ್ಲರ್ ಮತ್ತೆ ಸ್ಕೊಫಿಡಿಯೋ ಅನ್ನೋ ಆರ್ಕಿಟೆಕ್ಟ್ ಜೋಡಿ ಕೆರೆ ನೀರನ್ನೇ ಪಂಪ್ ಮಾಡಿ ನಾಝಲ್‌ನಿಂದ ಮಂಜು ಮಾಡಿ ಬಿಟ್ರು, ಕಟ್ಟಡ ಅಂದ್ರೆ ಆ ಮಂಜೇ. ಇಬ್ರೂ ನೀರಿನ ಚಿತ್ರ ಬರೆದಿಲ್ಲ. ನಿಮ್ ಹತ್ರ ಅಷ್ಟು ದುಡ್ಡಿಲ್ಲ, ಬಿಡಿ. ಆದ್ರೆ ಹೇಮಾವತಿ ಒಬ್ಬಳೇ ಮಾಡೋದು ಏನಾದ್ರೂ ಒಂದು ಹಿಡ್ಕೊಳ್ಳಿ.

ಏಳನೇ_ಸೆಮ್

ಥ್ಯಾಂಕ್ಸ್ ಸರ್. ಹಾಗಾದ್ರೆ ಶೆಟ್ಟಿಹಳ್ಳಿ ಚರ್ಚ್ ತಗೊಂಡ್ರೆ? ಮಳೆಗಾಲದಲ್ಲಿ ಮುಳುಗುತ್ತೆ ಬೇಸಿಗೇಲಿ ಕಾಣುತ್ತೆ, ಅದು ಹೇಮಾವತಿ ಬಿಟ್ರೆ ಬೇರೆ ಎಲ್ಲೂ ಇಲ್ಲ. ಅದರ ಕಮಾನನ್ನ ಬಿದಿರಲ್ಲಿ ಮಾಡಿ ನಿಲ್ಲಿಸೋಣ ಅಂತ ನಮ್ಮಲ್ಲಿ ನಾಲ್ಕು ಜನ ಹೇಳ್ತಿದಾರೆ.

ಹಿನ್ನೀರು

ಮಾಡ್ಬೇಡಿ ಅಂತ ಹೇಳ್ತಿಲ್ಲ. ಆದ್ರೆ ಒಂದ್ ಸಲ ಕೇಳಿ.

1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಗುಡಿ ಅದು. 1979ರಲ್ಲಿ ಹೇಮಾವತಿಗೆ ಕಟ್ಟಿದ ಗೊರೂರು ಡ್ಯಾಂ ಮುಗೀತು, ಊರು ಎದ್ದು ಹೋಯ್ತು, ಗೋಡೆ ಉಳೀತು. ಈಗ ಪ್ರೀ ವೆಡ್ಡಿಂಗ್ ಶೂಟ್‌ಗೆ ಬೆಂಗಳೂರಿಂದ ಬರ್ತಾರೆ, ಡ್ರೋನ್ ಹಾರುಸ್ತಾರೆ. ನಮ್ಮಜ್ಜಿದು ಬೇರೆ ಊರು, ಅದೂ ನೀರಲ್ಲೇ ಹೋಯ್ತು. ಆದ್ರೆ ಅದರಲ್ಲಿ ಕಮಾನು ಇರ್ಲಿಲ್ಲ, ಮಣ್ಣಿನ ಗೋಡೆ ನಾಡಹೆಂಚು, ಮೊದಲ ವರ್ಷದ ನೀರಿಗೇ ಕರಗಿ ಹೋಯ್ತಂತೆ. ಫೋಟೋಗೆ ಸಿಗೋದು ಕಲ್ಲು ಗಾರೇಲಿ ಕಟ್ಟಿದ್ದು ಮಾತ್ರ. ಅದಕ್ಕೇ ಹೇಳಿದ್ದು, ಕಮಾನು ಮಾಡಿ ನಿಲ್ಸಿದ್ರೆ ನೀವು ಇನ್ನೊಂದು ಸೆಲ್ಫಿ ಪಾಯಿಂಟ್ ಮಾಡ್ದಂಗೆ. ನಮ್ಮಜ್ಜಿ ಬದುಕಿರೋವರ್ಗೂ ಹಿನ್ನೀರು ಕಡೆ ಬಸ್ಸಲ್ಲಿ ಹೋಗ್ಬೇಕಾದ್ರೆ ಕಿಟಕಿಗೆ ಮುಖ ಇಟ್ಟು ನೀರು ಎಲ್ಲಿವರ್ಗೂ ಬಂದೈತೆ ಅಂತ ಮಾತ್ರ ನೋಡ್ತಿದ್ರು. ನಮ್ ದನದ ಕೊಟ್ಟಿಗೆವರ್ಗೂ ಬಂದೈತೆ, ಇವತ್ತು ಬಾವಿ ಮುಚ್ಚೈತೆ, ಹಿಂಗೆ. ಅಲ್ಲಿ ಕೊಟ್ಟಿಗೇನೂ ಇಲ್ಲ ಬಾವೀನೂ ಇಲ್ಲ.

ಕ್ಯೂಸೆಕ್

ಹಿನ್ನೀರು ಅವರ ಮಾತು ಓದಿ ಬರೀಬೇಕು ಅನ್ನಿಸ್ತು. ನಾನು ನೀರಾವರಿ ಇಲಾಖೆಯಲ್ಲಿದ್ದು ರಿಟೈರ್ ಆದವನು. ನಿಮ್ಮ ಮನೇಲಿ ಪೇಪರ್ ತರಿಸ್ತಿದ್ರೆ ಮಳೆಗಾಲದಲ್ಲಿ ಮೂಲೇಲಿ ಒಂದು ಚಿಕ್ಕ ಚೌಕ ಬರುತ್ತೆ ನೋಡಿ, ಹೇಮಾವತಿ ಜಲಾಶಯ ಮಟ್ಟ, ಗರಿಷ್ಠ 2922 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. 1 ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ. ತುಂಬಿದ್ರೆ 37.10 ಟಿಎಂಸಿ, 1 ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ. ಜುಲೈ ತಿಂಗಳು ಹಾಸನದಲ್ಲಿ ಟೀ ಅಂಗಡಿಯಲ್ಲಿ ಕೂತಿರೋ ಅರ್ಧ ಜನ ಪೇಪರ್ ಬಿಚ್ಚಿದ ತಕ್ಷಣ ನೋಡೋದು ಆ ಚೌಕಾನೇ, ರಾಜಕೀಯ ಆಮೇಲೆ. ಅಜ್ಜಿ ಕಿಟಕಿಯಿಂದ ನೋಡ್ತಿದ್ದದ್ದೂ ಅದೇ ಅಂಕಿ.

ನಾನು ಆರ್ಕಿಟೆಕ್ಟ್ ಅಲ್ಲ, ತಪ್ಪಿದ್ರೆ ಹೇಳಿ. ಆದ್ರೆ 12 ತಿಂಗಳಿಗೆ 12 ಸಾಲು ಕಂಬ ನೆಟ್ಟು, ತಿಂಗಳ ಮೊದಲನೇ ತಾರೀಖು ನೀರು ಎಷ್ಟಿತ್ತೋ ಅಷ್ಟು ಎತ್ತರಕ್ಕೆ ಒಂದೊಂದು ಹಗ್ಗ ಕಟ್ಟಿದ್ರೆ ಹೇಗೆ?

ಏಳನೇ_ಸೆಮ್

ಸರ್!!! ಜೂನ್‌ನಲ್ಲಿ ಮೊಣಕಾಲ ಹತ್ರ ಶುರುವಾಗಿ ಆಗಸ್ಟ್‌ಗೆ ತಲೆ ಮೇಲೆ ಹೋಗಿ ಮತ್ತೆ ಮೇ ತಿಂಗಳಿಗೆ ಮೊಣಕಾಲಿಗೆ ಬರುತ್ತೆ. ಒಳಗೆ ನಡ್ಕೊಂಡು ಹೋದ್ರೆ ಮುಳುಗಿ ಎದ್ದ ಹಾಗೆ.

ಹಳೇ_ಟಿ_ಸ್ಕ್ವೇರ್

ಚೆನ್ನಾಗಿದೆ, ಆದ್ರೆ ಹುಷಾರು. ಗ್ರಾಫನ್ನ ಕಂಬ ಮಾಡಿ ನಿಲ್ಲಿಸೋದು ಈಗ ಎಲ್ಲಾ ಕಾಲೇಜಲ್ಲೂ ಫ್ಯಾಷನ್ನು. ಕೆಳಗೆ ಕ್ಯೂಆರ್ ಕೋಡ್ ಅಂಟಿಸಿ ಡೇಟಾ ನೋಡಿ ಅಂದ್ರೆ ಅದು ಎಕ್ಸೆಲ್ ಶೀಟ್‌ಗೆ ಬಿದಿರು ಹಾಕಿದ ಹಾಗೆ. ಒಂದು ವರ್ಷದ ಹಗ್ಗದಲ್ಲಿ ಕಥೆ ಇಲ್ಲ, ಏರಿತು ಇಳೀತು ಅಷ್ಟೇ. ಎಡಗಡೆ ಒಂದು ವರ್ಷ, ಬಲಗಡೆ ಒಂದು ವರ್ಷ ಹಾಕಿ. 2023 ಬರ, 2024 ತುಂಬ್ತು. ಎರಡನ್ನೂ ಅಡ್ಡ ಹಗ್ಗದಲ್ಲಿ ಸೇರಿಸಿದ್ರೆ ಪ್ರತಿ ಸಾಲಲ್ಲೂ ಹಗ್ಗ ವಾರೆ ಆಗುತ್ತೆ, ಒಂದ್ ಕಡೆ ಎದೆಮಟ್ಟ ಇನ್ನೊಂದ್ ಕಡೆ ತಲೆ ಮೇಲೆ. ಮಧ್ಯ ನಡಿಯೋನು ತಾನಾಗೇ ಒಂದ್ ಕಡೆ ವಾಲ್ತಾನೆ.

ತುರುವೇಕೆರೆ_ತಂಗಿ

ಸುಮ್ನೆ ಓದ್ತಾ ಇದ್ದೆ, ಒಂದ್ ಮಾತು. ನಮ್ ತುಮಕೂರು ಕಡೆ ಹೇಮಾವತಿ ಅಂದ್ರೆ ಡ್ಯಾಂನಿಂದ ಬರೋ ಚಾನಲ್ಲು, ಕಾಲುವೆ. ನೆಟ್ಟಗೆ, ಇಳಿಜಾರು ಗೋಡೆ, ಕೆಳಗೆ ಕಿರಿದು ಮೇಲೆ ಅಗಲ, ತಿರುವು ಅಂದ್ರೆ ಎಂಜಿನಿಯರ್ ಮಾಡಿದ ತಿರುವು. ನೀರು ಬಂತಾ ಅಂತ ಫೋನ್ ಮಾಡಿ ಕೇಳೋ ನದಿ ಅದು. ಅಣ್ಣ ಗದ್ದೆ ಕೆಲಸ ಬಿಟ್ಟು ತೂಬಿನ ಹತ್ರ ರಾತ್ರಿ ಮಲಗ್ತಿದ್ದ. ಹಾಸನದೋರು ಡ್ಯಾಂ ತುಂಬಿದ ಅಂಕಿ ಹಾಕ್ತೀರ ಸರಿ, ಅದು ಖಾಲಿ ಆಗಿ ಎಲ್ಲಿಗೆ ಹೋಯ್ತು ಅನ್ನೋದೂ ನದೀನೇ ತಾನೆ.

ಕೃಷ್ಣಶಿಲೆ

ಅದೇ ಮೇಡಂ ನಮ್ ಪ್ರಶ್ನೆ, ನಮ್ ನೀರು ನಮಗೇ ಸಾಲ್ದೆ ನಿಮ್ ಕಡೆ ಯಾಕ್ ಹೋಗ್ಬೇಕು.

ತುರುವೇಕೆರೆ_ತಂಗಿ

ಶುರುವಾಯ್ತಾ. ನಿಮ್ ನೀರು ಅಂದ್ರೆ? ಮೂಡಿಗೆರೆಯವರು ಹಾಗೇ ಅಂದಿದ್ರೆ ನಿಮಗೆಲ್ಲಿ ಬರ್ತಿತ್ತು ಅಣ್ಣಾವ್ರೇ.

ಮೂಡಿಗೆರೆ_ಮೋಡ

ನಮ್ಮನ್ನ ಎಳೀಬೇಡಿ, ನಮಗೆ ಮಳೆ ನಿಂತ್ರೆ ಸಾಕಾಗಿದೆ 😄

ಕ್ಯೂಸೆಕ್

ದಯವಿಟ್ಟು ಆ ಜಗಳ ಇಲ್ಲಿ ಬೇಡ, 30 ವರ್ಷ ಆಫೀಸಲ್ಲಿ ಕೇಳಿದ್ದೀನಿ. ಆದ್ರೆ ಆ ಹೆಣ್ಣುಮಗಳು ಹೇಳಿದ್ದು ಡಿಸೈನ್‌ಗೆ ಬೇಕಾದ ಮಾತು. ಪೆವಿಲಿಯನ್‌ನಿಂದ ಹೊರಗೆ ಹೋಗೋ ದಾರಿ ಚಾನಲ್ ತರ ಮಾಡಿ. ನೆಟ್ಟಗೆ, ಇಕ್ಕಟ್ಟು, ಎರಡೂ ಕಡೆ ಇಳಿಜಾರು. ನದಿಯಾಗಿ ಒಳಗೆ ಬಂದೋನು ಚಾನಲ್ ಆಗಿ ಹೊರಗೆ ಹೋಗ್ಲಿ.

ಶಾಮಿಯಾನ_ಅಣ್ಣ

ಮಾಡು ಇಲ್ಲ ಅಂದ್ರೆ ನಂಗೂ ನಿದ್ದೆ ಬಂತು. ಆದ್ರೆ ಬಿಸ್ಲಲ್ಲಿ ಬಂದ ಜನ ನಿಲ್ಲೋದೆಲ್ಲಿ? ಪೆವಿಲಿಯನ್ನು ಅಂತೀರ ನೆರಳೇ ಇಲ್ಲ.

ಹಳೇ_ಟಿ_ಸ್ಕ್ವೇರ್

ನ್ಯಾಯವಾದ ಪ್ರಶ್ನೆ, ನನಗೂ ಅದು ಇಷ್ಟ ಆಗಿಲ್ಲ. ಮೂಡಿಗೆರೆಯವರು ಹೇಳಿದ ಕತ್ತಲೆ ಬಾಗಿಲು ಇದೆಯಲ್ಲ, ಅಲ್ಲಿ ಮೂರು ಮೀಟರ್ ಮಾತ್ರ ಕಾಫಿ ಗೋಣಿಚೀಲ ಹೊದಿಸಿ, ನಡುವೆ ಗಾಳಿ ಹೋಗೋ ಹಾಗೆ ಬಿಟ್ಟು ಬಿಟ್ಟು. ನೆರಳೂ ಆಯ್ತು ಉಗಮಾನೂ ಆಯ್ತು.

ಲೋಡ್_ಕೇಸ್

ಅಷ್ಟಾದ್ರೆ ಓಕೆ. ಬರೀ ಹಗ್ಗ ಕಂಬಕ್ಕೆ ಗಾಳಿ ಸಿಗೋದು ಕಮ್ಮಿ. ಅಡಿಪಾಯಕ್ಕೆ ಒಂದು ವಿಷಯ: 2000ದಲ್ಲಿ ಹ್ಯಾನೋವರ್ ಎಕ್ಸ್‌ಪೋದಲ್ಲಿ ಶಿಗೇರು ಬಾನ್ ಅನ್ನೋ ಆರ್ಕಿಟೆಕ್ಟ್ ಕಾಗದದ ಕೊಳವೆಯಲ್ಲಿ ಜಪಾನ್ ಪೆವಿಲಿಯನ್ ಮಾಡಿದಾಗ ಕಾಂಕ್ರೀಟ್ ಬದಲು ಮರಳು ತುಂಬಿದ ಪೆಟ್ಟಿಗೆ ಇಟ್ಟಿದ್ರು, ಬಿಚ್ಚಿದ ಮೇಲೆ ಏನೂ ವೇಸ್ಟ್ ಆಗಬಾರದು ಅಂತ. ನೀವು 20 ಲೀಟರ್ ಪೇಂಟ್ ಬಕೆಟ್ ತಗೊಳ್ಳಿ, ಒಂದರಲ್ಲಿ 30 ಕೆ.ಜಿ. ಮರಳು ಹಿಡಿಯುತ್ತೆ. ಬರೀ ಬಕೆಟ್ ನಂಬ್ಕೋಬೇಡಿ, ಬುಡದಲ್ಲಿ ಕಂಬದಿಂದ ಕಂಬಕ್ಕೆ ಎರಡೂ ದಿಕ್ಕಲ್ಲಿ ಗಳ ಕಟ್ಟಿ, ಮೂಲೆಗಳಲ್ಲಿ ಓರೆ ಗಳ ಕೊಡಿ. ಬೋಲ್ಟ್ ಹಾಕೋದಾದ್ರೆ ಬಿದಿರಿನ ಗೆಣ್ಣಿನ ಹತ್ರಾನೇ ತೂತು ಹೊಡೀಬೇಕು, ನಡುವೆ ಹೊಡೆದ್ರೆ ಸೀಳುತ್ತೆ.

ಮತ್ತೆ ಹೇಮಾವತಿ ಮರಳೇ ಹಾಕ್ತೀವಿ ಅಂತ ಕಾನ್ಸೆಪ್ಟ್ ಮಾಡ್ಬೇಡಿ, ಜ್ಯೂರಿಗಿಂತ ಮುಂಚೆ ಪೊಲೀಸ್ ಬರ್ತಾರೆ. ಕಲ್ಲು ಪುಡಿ ಮಾಡಿ ಮಾರೋ ಎಂ ಸ್ಯಾಂಡ್ ಸಾಕು.

ಮೂಡಿಗೆರೆ_ಮೋಡ

ಬಿದಿರು ನಾನ್ ಕೊಡ್ತೀನಿ, ತೋಟದ ಬದೀಲಿ ಎರಡು ಮೆಳೆ ಇದೆ. ಕಡಿದ ತಕ್ಷಣ ಒಣಗಿಸ್ಬೇಡಿ, ಕುಟ್ಟೆ ಹುಳ ಹಿಡಿಯುತ್ತೆ. ನಮ್ ತಾತ ಹಳ್ಳದಲ್ಲಿ ಕಲ್ಲು ಹೇರಿ ಮುಳುಗಿಸಿಡ್ತಿದ್ರು ವಾರಗಟ್ಟಲೆ, ಹರಿಯೋ ನೀರು ಅದರ ಸಿಹಿ ಎಲ್ಲಾ ಎಳ್ಕೊಂಡ್ ಹೋಗುತ್ತೆ, ಸಿಹಿ ಇಲ್ಲ ಅಂದ್ರೆ ಹುಳಕ್ಕೆ ಊಟ ಇಲ್ಲ. ತೆಗೆದಾಗ ಹೊಲಸು ನಾತ ಹೊಡಿಯುತ್ತೆ, ಮೂರು ದಿನ ನೆರಳಲ್ಲಿ ನಿಲ್ಸಿದ್ರೆ ಹೋಗುತ್ತೆ. ಪೇಟೇಲಿ ಬೊರಾಕ್ಸ್ ಬೋರಿಕ್ ಆಸಿಡ್ ಹಾಕ್ತಾರೆ, ನಿಮಗೆ ಹತ್ತು ದಿನಕ್ಕೆ ಅದೆಲ್ಲಾ ಬೇಡ, ಆದ್ರೆ ಆಮೇಲೂ ಉಳೀಬೇಕು ಅಂದ್ರೆ ಈಗ್ಲೇ ಮುಳುಗಿಸ್ತೀನಿ ಹೇಳಿ. ಆ ಹಳ್ಳದ ನೀರು ಹೋಗಿ ಸೇರೋದೂ ಹೇಮಾವತಿಗೇ.

ಏಳನೇ_ಸೆಮ್

ಮುಳುಗಿಸಿ ಸರ್ ಪ್ಲೀಸ್, ನಾವೇ ಬಂದು ಎತ್ಕೋತೀವಿ.

ಹಿನ್ನೀರು

ಒಂದೇ ರಿಕ್ವೆಸ್ಟ್. ಮುಳುಗಿದ ಊರುಗಳ ಲಿಸ್ಟ್ ಎಲ್ಲಿಂದಾದ್ರೂ ತಂದು ಫ್ಲೆಕ್ಸ್ ಮಾಡಿ ಹಾಕ್ಬೇಡಿ. ಮೇಲಿನ ಹಗ್ಗದ ಹತ್ರ ಸ್ವಲ್ಪ ಬಿಳಿ ಬಟ್ಟೆ ಚೂರು, ಒಂದು ಸ್ಕೆಚ್ ಪೆನ್ ಇಡಿ. ಬರೆಯೋರು ಬರೀತಾರೆ.

ಏಳನೇ_ಸೆಮ್ (ಜನವರಿ)

ಅಪ್‌ಡೇಟ್ ಹಾಕೋಕೆ ತಡ ಆಯ್ತು, ಎಕ್ಸಾಂ ಇತ್ತು.

ಕಟ್ಟಿದ್ವಿ. 24 ಕಂಬ, ತೆಂಗಿನ ನಾರಿನ ಹಗ್ಗ ಅರಸೀಕೆರೆಯಿಂದ ತಂದ್ವಿ, ಪೇಂಟ್ ಬಕೆಟ್ ಹುಡುಕೋಕೇ ಎರಡು ದಿನ ಹೋಯ್ತು, ಹಾಸನದ ಅರ್ಧ ಪೇಂಟರ್‌ಗಳ ನಂಬರ್ ಈಗ ನಮ್ ಹತ್ರ ಇದೆ. ಒಟ್ಟು ಖರ್ಚು 41 ಸಾವಿರ. ಮೂರನೇ ದಿನ ರಾತ್ರಿ ಮಳೆ ಬಂತು, ಅಣ್ಣ ಹೇಳಿದ ಹಾಗೇ. ಹಗ್ಗ ನೆಂದು ಬಿಗಿ ಆಗಿ ಎರಡು ಕಂಬ ಒಳಗೆ ವಾಲಿದ್ವು, ಒಣಗಿದ ಮೇಲೆ ಸಡಿಲ. ನಾರಿನ ಹಗ್ಗ ಹೀಗೆ ಮಾಡುತ್ತೆ ಅಂತ ನಮಗೆ ಯಾವ ಸಾಫ್ಟ್‌ವೇರೂ ಹೇಳಿರ್ಲಿಲ್ಲ, ದಿನಾ ಬೆಳಿಗ್ಗೆ ಹೋಗಿ ಗಂಟು ಸರಿಮಾಡೋದೇ ಕೆಲಸ ಆಯ್ತು.

ಚಾನಲ್ ದಾರಿ ಸರಿ ಬರ್ಲಿಲ್ಲ, ಒಪ್ಕೋತೀನಿ. ಪ್ಲೈವುಡ್‌ಗೆ ದುಡ್ಡು ಉಳಿಸೋಕೆ ಹೋಗಿ ಬರೀ ಗೋಣಿ ಕಟ್ಟಿದ್ವಿ, ಜನ ಅದನ್ನ ಪಕ್ಕಕ್ಕೆ ಸರಿಸಿ ಶಾರ್ಟ್ ಕಟ್‌ನಲ್ಲಿ ಹೋಗ್ತಿದ್ರು. ತುರುವೇಕೆರೆ ಅಕ್ಕ, ಕ್ಷಮಿಸಿ.

ಆ ಮೇಡಂ ಬಂದಿದ್ರು. ಜೂನ್‌ನಿಂದ ಮೇವರೆಗೂ ನಡ್ಕೊಂಡು ಹೋಗಿ, ವಾಪಸ್ ಮೇಯಿಂದ ಜೂನ್‌ಗೆ ಬಂದು, ಹೊರಗೆ ದೂರ ನಿಂತು ನೋಡಿ, ಕೊನೆಗೂ ಅಲೆ ಮಾಡೇ ಬಿಟ್ರಲ್ರೋ ಅಂದ್ರು. ನಿಜ, ದೂರದಿಂದ ನೋಡಿದ್ರೆ ಎಲ್ಲಾ ಹಗ್ಗ ಸೇರಿ ಏರಿ ಇಳಿದು ಅಲೆ ತರಾನೇ ಕಾಣುತ್ತೆ, ನಮ್ ಮೊದಲನೇ ರೆಂಡರ್‌ಗೂ ಇದಕ್ಕೂ ಜಾಸ್ತಿ ದೂರ ಇಲ್ಲ. ಮಾರ್ಕ್ಸ್ ಇನ್ನೂ ಹಾಕಿಲ್ಲ.

ಬಿಳಿ ಬಟ್ಟೆ ಚೂರು 60 ಇಟ್ಟಿದ್ವಿ. ಎರಡನೇ ದಿನಕ್ಕೇ ಖಾಲಿ. ಕಾಲೇಜ್ ಹುಡುಗ್ರು ಲವ್ ಸಿಂಬಲ್ ಬರೆದಿದ್ದೂ ಇದೆ, ಸುಳ್ಳು ಹೇಳಲ್ಲ. ಆದ್ರೆ ನಮ್ ಕ್ಯಾಂಟೀನ್‌ನಲ್ಲಿ ಪಾತ್ರೆ ತೊಳಿಯೋ ಅಮ್ಮ ಬರೆಯೋಕೆ ಬರಲ್ಲ ಅಂತ ನನ್ ಕೈಲಿ ಅವರ ಊರಿನ ಹೆಸರು ಬರೆಸಿ, ಆಗಸ್ಟ್ ಸಾಲಲ್ಲಿ ಸ್ಟೂಲ್ ಹಾಕ್ಕೊಂಡು ತಾವೇ ಕಟ್ಟಿದ್ರು. ಮೂರು ವರ್ಷ ಅವರ ಕೈಯಿಂದ ಕಾಫಿ ಕುಡ್ದಿದೀವಿ, ಒಂದ್ ದಿನಾನೂ ಕೇಳಿರ್ಲಿಲ್ಲ ಯಾವೂರು ಅಂತ.

ಹಿನ್ನೀರು

ಆ ಚೂರುಗಳನ್ನ ಏನ್ ಮಾಡಿದ್ರಿ?

ಏಳನೇ_ಸೆಮ್

ಬಿಚ್ಚಿ ಒಂದು ಡಬ್ಬಿಲಿ ಇಟ್ಟಿದೀವಿ. ನಿಮಗೆ ಬೇಕಾದ್ರೆ ತಲುಪಿಸ್ತೀವಿ. ಬಿದಿರು ಒಬ್ರು ಬೀನ್ಸ್ ಚಪ್ಪರಕ್ಕೆ ತಗೊಂಡ್ ಹೋದ್ರು, ಎಂ ಸ್ಯಾಂಡ್ ಪಿಟಿ ಸರ್ ಲಾಂಗ್ ಜಂಪ್ ಗುಂಡಿ ಪಕ್ಕ ಹಾಕಿಸ್ಕೊಂಡ್ರು.

ಶಾಮಿಯಾನ_ಅಣ್ಣ

ಎಲ್ಲಾ ಸರಿ ಕಣ್ರಪ್ಪ ಚೆನ್ನಾಗಿತ್ತು, ನಾನೂ ಬಂದು ನೋಡ್ದೆ. ನನ್ ಎರಡು ಏಣಿ ಯಾವಾಗ ವಾಪಸ್ ಕೊಡ್ತೀರ? ಭಾನುವಾರ ನಾಮಕರಣ ಐತೆ.